ಕಾರು ಕಂಪನಿಗಳ ಕೈಲಿಲ್ಲದ ಕಷ್ಟಗಳು: ಪೀಣ್ಯದಲ್ಲಿ ಕೂತು ಕಂಡಷ್ಟು

ಭಾರತದ ಕಾರು ತಯಾರಕರಿಗೆ ಹೊರಗಿನಿಂದ ಬರುವ, ಅವರ ಕೈಲಿಲ್ಲದ ಕಷ್ಟಗಳು ಯಾವುವು ಎಂದು ಕೇಳಿದ್ದೀರಿ. ನಾನು ಪೀಣ್ಯದಲ್ಲಿ ಕಾರಿನ ಬ್ರಾಕೆಟ್ (ಭಾಗಗಳನ್ನು ಹಿಡಿದಿಡುವ ಸ್ಟೀಲ್ ಪಟ್ಟಿ) ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಪರ್ಚೇಸ್ ನೋಡಿಕೊಳ್ಳುತ್ತೇನೆ. ದೊಡ್ಡ ಕಂಪನಿಗೆ ಏಟು ಬಿದ್ದದ್ದು ನಮಗೆ ಪೇಪರ್ ಓದಿ ಗೊತ್ತಾಗುವುದಿಲ್ಲ, ಎಷ್ಟು ಸಾಮಾನು ಬೇಕೆಂದು ಅವರು ಕಳಿಸುವ ಶೆಡ್ಯೂಲ್ ನೋಡಿದರೆ ಗೊತ್ತಾಗುತ್ತದೆ. ಸೋಮವಾರ ಇದ್ದ ಸಂಖ್ಯೆ ಬುಧವಾರ ಅರ್ಧ ಆಗಿರುತ್ತದೆ.

ದೊಡ್ಡ ತಲೆನೋವು ಬೇರೆ ದೇಶದಿಂದಲೇ ಬರಬೇಕಾದ ಸಣ್ಣ ಸಾಮಾನು. 2020ರಲ್ಲಿ ಲಾಕ್‌ಡೌನ್ ಆದಾಗ ಕಾರು ಕಂಪನಿಗಳು ಚಿಪ್ ಆರ್ಡರ್ ಇಳಿಸಿದವು. ಮನೆಯಲ್ಲಿ ಕೂತವರು ಲ್ಯಾಪ್‌ಟಾಪ್ ಕೊಂಡರು, ಚಿಪ್ ಮಾಡುವವರು ಆ ಕಡೆ ತಿರುಗಿದರು. ಕಾರಿಗೆ ಮತ್ತೆ ಬೇಡಿಕೆ ಬಂದಾಗ ಚಿಪ್ ಇಲ್ಲ! 2021ರ ಮಾರ್ಚ್‌ನಲ್ಲಿ ಜಪಾನಿನ ರೆನೆಸಾಸ್ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು. ಆಮೇಲೆ ಚಿಪ್ ಕಾರ್ಖಾನೆಗಳಿರುವ ಮಲೇಷ್ಯಾದಲ್ಲಿ ಕೋವಿಡ್ ಜಾಸ್ತಿಯಾಯಿತು. ಆ ಸೆಪ್ಟೆಂಬರ್‌ನಲ್ಲಿ ಮಾಮೂಲಿನ ಶೇ. 40ರಷ್ಟು ಕಾರು ಮಾತ್ರ ಆಗಬಹುದು ಎಂದು ಮಾರುತಿಯೇ ಹೇಳಿತು. ಮರುವರ್ಷ ಟೊಯೋಟಾ ಜಪಾನಿನಲ್ಲಿ ಚಿಪ್ ಸಾಲದೆ ಎರಡು ಸ್ಮಾರ್ಟ್ ಕೀ (ಚಿಪ್ ಇರುವ ಕೀ) ಬದಲು ಒಂದು ಸ್ಮಾರ್ಟ್ ಕೀ, ಒಂದು ಮಾಮೂಲಿ ಕೀ ಕೊಟ್ಟಿತು. ಬ್ರಾಕೆಟ್‌ಗೂ ಚಿಪ್‌ಗೂ ಏನೂ ಸಂಬಂಧವಿಲ್ಲ. ಆದರೆ ಕಾರೇ ಲೈನ್ ದಾಟದಿದ್ದರೆ ಬ್ರಾಕೆಟ್ ಯಾರಿಗೆ ಬೇಕು? ನಮ್ಮ ಸ್ಟೀಲ್ ಶೆಡ್ಡಿನಲ್ಲಿ ಸುಮ್ನೆ ಬಿದ್ದಿತ್ತು. ಬ್ಯಾಂಕಿನ ಬಡ್ಡಿ ಮಾತ್ರ ಸುಮ್ಮನಿರಲಿಲ್ಲ.

2025ರ ಏಪ್ರಿಲ್‌ನಲ್ಲಿ ಅದೇ ಕಥೆ, ಈ ಸಲ ಮ್ಯಾಗ್ನೆಟ್. ಅಪರೂಪದ ಲೋಹಗಳ ಮ್ಯಾಗ್ನೆಟ್ ಹೊರಗೆ ಕಳಿಸಲು ಲೈಸೆನ್ಸ್ ಬೇಕು ಎಂದು ಚೀನಾ ನಿಯಮ ಮಾಡಿತು. ಇಂಥ ಮ್ಯಾಗ್ನೆಟ್‌ಗಳಲ್ಲಿ ಹೆಚ್ಚುಪಾಲು ಆಗುವುದೇ ಅಲ್ಲಿ. ಎಲೆಕ್ಟ್ರಿಕ್ ಕಾರಿನ ಮೋಟಾರಿಗಷ್ಟೇ ಅಲ್ಲ, ಪೆಟ್ರೋಲ್ ಕಾರಿನ ಪವರ್ ಸ್ಟೀರಿಂಗ್‌ಗೂ ಅದು ಬೇಕು. ಕೇರಳ, ಒಡಿಶಾದ ಕಡಲ ಮರಳಿನಲ್ಲಿ ನಮ್ಮಲ್ಲೂ ಈ ಖನಿಜ ಇದೆ. ಇಲ್ಲೇ ಮ್ಯಾಗ್ನೆಟ್ ಮಾಡಲು ಕೇಂದ್ರ ಸರ್ಕಾರ ಆ ನವೆಂಬರ್‌ನಲ್ಲಿ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮರಳು ಮ್ಯಾಗ್ನೆಟ್ ಆಗಲು ವರ್ಷಗಳೇ ಬೇಕು, ಅಲ್ವಾ?

ಇನ್ನು ಸರ್ಕಾರದ ನಿಯಮ. ಇದನ್ನು ಎಲ್ಲರೂ ಬೈಯುತ್ತಾರೆ, ನಾನು ಅಷ್ಟು ಬೈಯುವುದಿಲ್ಲ. ಗಾಡಿ ಹೊಗೆಗೆ ಮಿತಿ ಹಾಕುವ ಬಿಎಸ್ ನಿಯಮದಲ್ಲಿ ಬಿಎಸ್5 ಬಿಟ್ಟು ನೇರ ಬಿಎಸ್6ಗೆ ಹೋಗುತ್ತೇವೆ ಎಂದು 2016ರಲ್ಲೇ ಹೇಳಿದ್ದರು. ಜಾರಿಯಾಗಿದ್ದು 2020ರ ಏಪ್ರಿಲ್ 1ಕ್ಕೆ. ಖರ್ಚು ಬಹಳ ಆಯಿತು, ಮಾರುತಿ ಡೀಸೆಲ್ ಕಾರನ್ನೇ ಬಿಟ್ಟಿತು. ಆದರೂ ತಯಾರಾಗಲು ನಾಲ್ಕು ವರ್ಷ ಸಿಕ್ಕಿತ್ತು. 2017ರದ್ದು ನೋಡಿ. ಏಪ್ರಿಲ್ 1ರಿಂದ ಬಿಎಸ್3 ಗಾಡಿ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಮಾರ್ಚ್ 29ಕ್ಕೆ ಹೇಳಿತು. ಉಳಿದದ್ದು ಎರಡೇ ದಿನ. ಬೈಕ್ ಶೋರೂಮ್‌ಗಳ ಮುಂದೆ ಜಾತ್ರೆ! ನಿಯಮ ಎಷ್ಟೇ ಬಿಗಿಯಾಗಿರಲಿ, ಮೊದಲೇ ಹೇಳಿದರೆ ತಡೆದುಕೊಳ್ಳಬಹುದು.

ವಿದೇಶಿ ಕಾರಿನ ಪೈಪೋಟಿಗೆ ನಾನು ಅಷ್ಟು ಹೆದರುವುದಿಲ್ಲ. ಬ್ರಿಟನ್ ಜೊತೆ 2025ರ ಜುಲೈನಲ್ಲಿ ಆದ ಒಪ್ಪಂದದಲ್ಲಿ ಸುಂಕ ಇಳಿಯುವುದು ಒಂದು ಮಿತಿಯೊಳಗಿನ ಕಾರುಗಳಿಗೆ ಮಾತ್ರ. ಜಾಗ್ವಾರ್ ಅಗ್ಗವಾದರೆ ವ್ಯಾಗನ್‌ಆರ್ ಕೊಳ್ಳುವವನು ಮನಸ್ಸು ಬದಲಿಸುತ್ತಾನಾ?

ತೆರಿಗೆಯದ್ದು ಬೇರೆಯೇ ತಮಾಷೆ. 2025ರ ಆಗಸ್ಟ್ 15ಕ್ಕೆ ಜಿಎಸ್‌ಟಿ ಇಳಿಯುತ್ತದೆ ಎಂದು ಪ್ರಧಾನಿ ಹೇಳಿದರು. ಸಣ್ಣ ಕಾರಿಗೆ ಶೇ. 28 ಇದ್ದದ್ದು 18 ಆಗಿದ್ದು ಸೆಪ್ಟೆಂಬರ್ 22ಕ್ಕೆ. ಮಧ್ಯದ ಐದು ವಾರ ಕಾರು ತಗೊಳ್ಳುವವರು ಯಾಕೆ ಅವಸರ ಮಾಡುತ್ತಾರೆ? ಗಣೇಶ ಹಬ್ಬ ಬಂದು ಹೋಯಿತು, ನಮ್ಮ ಪ್ರೆಸ್ ಮೆಷಿನ್ ಒಂದೇ ಶಿಫ್ಟ್ ಓಡಿತು. ನವರಾತ್ರಿ ಶುರುವಾದ ಮೇಲೆ ಮೂರು ಶಿಫ್ಟ್. ಊರಿಗೆ ಕಳಿಸಿದ್ದ ಹುಡುಗರಿಗೆ ನಾನೇ ಫೋನ್ ಮಾಡಿ, ಆಯುಧ ಪೂಜೆ ಇಲ್ಲೇ ಮಾಡೋಣ ಬನ್ರಪ್ಪಾ ಎಂದು ಕರೆಸಿಕೊಂಡೆ.