ಮೈಸೂರಿನ ಹೊಲಿಗೆ ಮೆಷಿನ್ ರಿಪೇರಿ ಅಂಗಡಿಗೆ ಯಾವ ಪದಗಳು?

ವಿಜಯನಗರದಲ್ಲಿ ನಿಮ್ಮ ಅಂಗಡಿ, ಗೂಗಲ್‌ನಲ್ಲಿ ಹುಡುಕುವವರಿಗೆ ಸಿಗೋ ಹಾಗೆ ವೆಬ್‌ಸೈಟಿನಲ್ಲಿ ಯಾವ ಊರು-ಏರಿಯಾ ಹೆಸರು ಹಾಕಬೇಕು ಅಂತ ಕೇಳಿದ್ದೀರಿ. ಬರೀ 'ವಿಜಯನಗರ' ಸಾಲದು ಸರ್. ಬೆಂಗಳೂರಿನಲ್ಲೂ ವಿಜಯನಗರ ಇದೆ, ಅದೇ ಹೆಸರಿನ ಜಿಲ್ಲೆಯೂ ಇದೆ. ಪಕ್ಕದಲ್ಲಿ ಮೈಸೂರು ಇರಲೇಬೇಕು.

ಇಂಗ್ಲಿಷಿನಲ್ಲಿ ಊರಿನ ಹೆಸರು 2014ರ ನವೆಂಬರ್ 1ರಿಂದ 'ಮೈಸೂರು' (Mysuru) ಆಯಿತು. ಆದರೂ ಹಳೆಯ 'ಮೈಸೋರ್' (Mysore) ಸ್ಪೆಲ್ಲಿಂಗ್ ಟೈಪ್ ಮಾಡುವವರು ಇನ್ನೂ ಇದ್ದಾರೆ. ಎರಡೂ ಪುಟದಲ್ಲಿರಲಿ. ಜನ ಹುಡುಕುವ ಪದಗಳನ್ನು (ಕೀವರ್ಡ್) ಎಷ್ಟು ಸಲ ಹುಡುಕುತ್ತಾರೆ ಅಂತ ತೋರಿಸುವ ಗೂಗಲ್ ಕೀವರ್ಡ್ ಪ್ಲಾನರ್‌ನಲ್ಲಿ ಲೊಕೇಶನ್ ಮೈಸೂರು ಅಂತ ಇಟ್ಟು ಎರಡನ್ನೂ ಹೋಲಿಸಿ ನೋಡಿ. ಏರಿಯಾ ಮಟ್ಟದ ಪದಗಳಿಗೆ ಅಲ್ಲಿ ಅಂಕಿಯೇ ಬರದಿರಬಹುದು, ಅದಕ್ಕೆ ಹೆದರಬೇಡಿ.

ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಜಾಗ ನಿಮ್ಮ ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಹುಡುಕಾಟದಲ್ಲೂ ಮ್ಯಾಪ್‌ನಲ್ಲೂ ಕಾಣುವ ನಿಮ್ಮ ಅಂಗಡಿಯ ವಿವರದ ಪುಟ. ಜನ ಏನು ಹುಡುಕಿದಾಗ ನಿಮ್ಮ ಅಂಗಡಿ ಕಾಣಿಸಿತು ಅನ್ನೋದು ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಗುತ್ತದೆ. ಫೋನ್ ಮಾಡುವ ಗಿರಾಕಿಗಳ ಮಾತೂ ಬರೆದಿಟ್ಟುಕೊಳ್ಳಿ. 'ಯೋಗಾನರಸಿಂಹ ದೇವಸ್ಥಾನದ ಹತ್ತಿರಾನಾ?' ಅಂತ ಕೇಳ್ತಾರೆ ಅಲ್ವಾ, ಅದೂ ಕೀವರ್ಡೇ.

'ನಿಯರ್ ಮಿ' (ನನ್ನ ಹತ್ತಿರ) ಅಂತ ಸುಮ್ನೆ ಪುಟದ ತುಂಬ ತುರುಕಬೇಡಿ. ಹುಡುಕುವವರು ಎಲ್ಲಿದ್ದಾರೆ ಅಂತ ಗೂಗಲ್ ತಾನೇ ನೋಡಿಕೊಳ್ಳುತ್ತದೆ.