‘ಗೊಂಬೆ ಬೀಳಿತು’ ಅಂತಾಳೆ ಮಗಳು, ತಿದ್ದಲಾ ಬೇಡ್ವಾ?

ಪ್ರಶ್ನೆ: ನನ್ನ ಮಗಳಿಗೆ ಮೂರು ವರ್ಷ. ಮೊದಲು ‘ಗೊಂಬೆ ಬಿತ್ತು’, ‘ಅಪ್ಪ ಬಂದ’ ಅಂತ ಸರಿಯಾಗಿ ಹೇಳುತ್ತಿದ್ದಳು. ಈಗ ‘ಬೀಳಿತು’, ‘ಬರಿದ’ ಅನ್ನುತ್ತಾಳೆ. ಕಲಿತದ್ದೂ ಮರೆತುಹೋಗ್ತಿದೆ ಅಂತ ನಮ್ಮ ಅತ್ತೆಗೆ ಗಾಬರಿ. ನಾನು ಪ್ರತಿ ಸಲ ತಡೆದು, ಸರಿಯಾಗಿ ಹೇಳಿಸುತ್ತೇನೆ. ಈಗೀಗ ನಾನು ಪಕ್ಕಕ್ಕೆ ಬಂದರೆ ಮಾತೇ ನಿಲ್ಲಿಸಿಬಿಡುತ್ತಾಳೆ. ಏನು ಮಾಡಲಿ?

ಉತ್ತರ: ಮೊದಲು ಹಾಗೆ ತಡೆದು ಹೇಳಿಸುವುದನ್ನು ಬಿಡಿ. ಇವತ್ತಿಂದಲೇ.

ನಿಮ್ಮ ಮಗಳು ಏನನ್ನೂ ಮರೆತಿಲ್ಲ. ‘ಬೀಳಿತು’ ಅನ್ನುವ ಮಾತನ್ನು ಅವಳು ಯಾರ ಬಾಯಲ್ಲಿ ಕೇಳಿರಬಹುದು ಹೇಳಿ? ಮನೆಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ, ಅಲ್ವಾ? ಮೊದಲು ‘ಬಿತ್ತು’ ಅನ್ನುವಾಗ ಕೇಳಿದ್ದನ್ನು ಹಾಗೇ ಹೇಳುತ್ತಿದ್ದಳು. ಆಮೇಲೆ ಓಡಿತು, ಹಾಡಿತು, ಕುಣಿಯಿತು ಅಂತೆಲ್ಲ ಕೇಳಿ ಕೇಳಿ, ಆಗಿಹೋದದ್ದನ್ನು ಹೇಳಬೇಕಾದರೆ ಕೊನೆಗೆ ಹೀಗೆ ಸೇರಿಸಬೇಕು ಅಂತ ತಾನೇ ಕಂಡುಕೊಂಡಿದ್ದಾಳೆ. ಯಾರೂ ಕೂರಿಸಿ ಕಲಿಸಿಲ್ಲ. ಬೀಳು, ಬರು ಈ ಲೆಕ್ಕಕ್ಕೆ ಸಿಗುವುದಿಲ್ಲ ಅನ್ನುವುದೊಂದು ಇನ್ನೂ ಗೊತ್ತಾಗಬೇಕು, ಅಷ್ಟೇ. ಎಷ್ಟೋ ಭಾಷೆಗಳ ಮಕ್ಕಳು ಹೀಗೇ ಮಾಡುತ್ತಾರೆ.

ಮಗು ಹೇಳಿದ್ದಕ್ಕೆ ಸುತ್ತಲಿನವರು ಸ್ಪಂದಿಸಿದರೆ ಆ ಮಾತು ಗಟ್ಟಿಯಾಗುತ್ತದೆ, ಮಾತೂ ಒಂದು ಅಭ್ಯಾಸವೇ ಅಂತ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1957ರಲ್ಲಿ ಬರೆದರು. ನಿಮ್ಮ ತಿದ್ದುವಿಕೆಯ ಹಿಂದೆಯೂ ಹೆಚ್ಚುಕಡಿಮೆ ಇದೇ ನಂಬಿಕೆ ಇದೆ. ಎರಡು ವರ್ಷ ಬಿಟ್ಟು ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ ಇದನ್ನು ಖಾರವಾಗಿಯೇ ಅಲ್ಲಗಳೆದರು. ಭಾಷೆ ಕಲಿಯುವ ಶಕ್ತಿ ಹುಟ್ಟಿನಿಂದಲೇ ಬರುತ್ತದೆ ಅನ್ನುವುದು ಅವರ ವಾದ. ಹುಟ್ಟಿನಿಂದ ವ್ಯಾಕರಣವೇನೂ ಬರಬೇಕಿಲ್ಲ, ಎದುರಿನವರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸುವ, ಕೇಳಿದ್ದರಲ್ಲಿ ಹೋಲಿಕೆ ಹುಡುಕುವ ಜಾಣತನವೇ ಸಾಕು ಅಂತ ಮನಶ್ಶಾಸ್ತ್ರಜ್ಞ ಮೈಕೆಲ್ ಟೊಮಾಸೆಲ್ಲೊ ಥರದವರು ಹೇಳುತ್ತಾರೆ. ಈ ಜಗಳ ಇನ್ನೂ ಮುಗಿದಿಲ್ಲ.

ನನಗೆ ತುಂಬಾ ಇಷ್ಟವಾಗುವುದು ಮಕ್ಕಳ ಭಾಷೆಯ ಸಂಶೋಧಕಿ ಜೀನ್ ಬರ್ಕೊ 1958ರಲ್ಲಿ ಪ್ರಕಟಿಸಿದ ಪ್ರಯೋಗ. ಹಕ್ಕಿಯಂಥ ಒಂದು ಪ್ರಾಣಿಯ ಚಿತ್ರ ತೋರಿಸಿ, ಇದು ‘ವಗ್’ ಅಂದರು. ಅವರೇ ಕಟ್ಟಿದ ಪದ, ಯಾವ ಮಗುವೂ ಕೇಳಿರಲು ಸಾಧ್ಯವಿಲ್ಲ. ಆಮೇಲೆ ಎರಡು ವಗ್‌ಗಳನ್ನು ತೋರಿಸಿದರೆ ಇಂಗ್ಲಿಷ್ ಮಾತಾಡುವ ಪುಟಾಣಿಗಳಲ್ಲಿ ಹೆಚ್ಚಿನವರು ‘ವಗ್ಸ್’ ಅಂದರು! ಕೇಳದೇ ಇದ್ದ ಮಾತನ್ನು ಸರಿಯಾಗಿ ಕಟ್ಟಿದರು. ನಿಮ್ಮ ಮಗಳು ಮಾಡುತ್ತಿರುವುದೂ ಇದನ್ನೇ. ಅತ್ತೆಗೂ ಹೀಗೇ ಹೇಳಿ: ಮೊದಲು ಬಾಯಿಪಾಠ ಒಪ್ಪಿಸುತ್ತಿದ್ದಳು, ಈಗ ಸ್ವಂತ ತಲೆ ಓಡಿಸುತ್ತಿದ್ದಾಳೆ.

ಹಾಗಂತ ಸುಮ್ನೆ ಇರಿ ಅಂತಲ್ಲ. ಅವಳು ‘ಗೊಂಬೆ ಬೀಳಿತು’ ಅಂದಾಗ ‘ಅಯ್ಯೋ, ಬಿತ್ತಾ? ಎಲ್ಲಿ ಬಿತ್ತು? ಮಂಚದ ಕೆಳಗೆ ಬಿತ್ತಾ?’ ಅಂತ ಕೇಳಿ. ಮೂರು ಸಲ ಸರಿಯಾದ ಮಾತು ಕಿವಿಗೆ ಬಿತ್ತು, ಅವಳ ಮಾತೂ ತುಂಡಾಗಲಿಲ್ಲ. ‘ಬಿತ್ತು’ ಅನ್ನುವುದನ್ನು ಒತ್ತಿ ಹೇಳಬೇಡಿ, ಮಕ್ಕಳಿಗೆ ತಕ್ಷಣ ಗೊತ್ತಾಗಿಬಿಡುತ್ತದೆ. ಕೇಳಿ ಆದಮೇಲೆ ಉತ್ತರಕ್ಕೆ ಕಾಯಿರಿ. ಇವತ್ತು ‘ಬಿತ್ತು’, ನಾಳೆ ಮತ್ತೆ ‘ಬೀಳಿತು’ ಬರಬಹುದು. ಕೆಲವು ಪದಗಳಿಗೆ ಇನ್ನೂ ಒಂದೆರಡು ವರ್ಷ ಹಿಡಿದರೂ ಗಾಬರಿ ಬೇಡ.

ಮಾತಾಡುವುದೇ ಎಲ್ಲರೊಂದಿಗೂ ಕಡಿಮೆಯಾದರೆ, ಇದ್ದ ಪದಗಳೇ ಮಾಯವಾದರೆ, ಕರೆದರೆ ತಿರುಗಿ ನೋಡದಿದ್ದರೆ ಮಾತ್ರ ತಡಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿ ಪರೀಕ್ಷೆಯನ್ನೂ ಮಾಡಿಸಿ.

‘ಬೀಳಿತು’ ಅನ್ನುವುದಕ್ಕಿಂತ, ನೀವು ಬಂದರೆ ಅವಳು ಸುಮ್ಮನಾಗುತ್ತಾಳೆ ಅಂದಿರಲ್ಲ, ಅದು ನನಗೆ ಜಾಸ್ತಿ ಬೇಜಾರಾಯಿತು. ಕೆಲವು ದಿನ ಏನನ್ನೂ ಹೇಳಿಸಲು ಹೋಗದೆ ಪಕ್ಕದಲ್ಲಿ ಕೂತು ಆಟಕ್ಕೆ ಸೇರಿಕೊಳ್ಳಿ. ಅವಳಾಗಿಯೇ ನಿಮ್ಮ ಕಡೆ ತಿರುಗಿ ‘ಅಮ್ಮಾ, ಗೊಂಬೆ ಬೀಳಿತು’ ಅಂದ ದಿನ ನನಗೆ ಬರೆಯಿರಿ.