ಪ್ರತಿಕ್ರಿಯೆ: ಹೊಸ ಹಾಡಿಗೆ ಸಭೆ ದನಿಗೂಡಿಸದಿದ್ದರೆ

ಚರ್ಚ್ ಆರಾಧನೆಯಲ್ಲಿ ಹೊಸ ಹಾಡು ಬಂದಾಗ ಕ್ವೈರ್ (ಗಾಯಕವೃಂದ) ಮಾತ್ರ ಹಾಡುತ್ತದೆ, ಸಭೆ ಸುಮ್ಮನೆ ನಿಂತಿರುತ್ತದೆ, ಡ್ರಮ್ಸ್ ಸೇರಿಸಿದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ಇಲ್ಲ, ಇನ್ನೂ ಕೆಡುತ್ತದೆ.

ಮೊದಲು ಶ್ರುತಿ ನೋಡಿ. ರೆಕಾರ್ಡಿಂಗಿನ ಗಾಯಕರದ್ದು ಪಳಗಿದ ಗಂಟಲು. ಅದೇ ಶ್ರುತಿಯಲ್ಲಿ ಎತ್ತಿಕೊಂಡರೆ ಪಲ್ಲವಿ ಏರುವ ಹೊತ್ತಿಗೆ ಜನ ಬಾಯಿ ಮುಚ್ಚುತ್ತಾರೆ, ಮತ್ತೆ ತೆರೆಯುವುದಿಲ್ಲ. ಹಾಡಿನ ಅತಿ ಎತ್ತರದ ಸ್ವರ ಕೀಬೋರ್ಡಿನ ಡಿ ಸ್ವರ ದಾಟದಿರಲಿ. ಜಿ ಸ್ಕೇಲ್‌ನ ಹಾಡು ಎಫ್ ಶಾರ್ಪ್ ಮುಟ್ಟುತ್ತಿದ್ದರೆ ಇ ಫ್ಲ್ಯಾಟ್‌ಗೆ ಇಳಿಸಿ, ತುದಿ ಡಿಗೆ ಬರುತ್ತದೆ. ತಗ್ಗಿನ ಸ್ವರಗಳು ತೀರಾ ಕೆಳಗೆ ಹೋದರೆ ಆ ಹಾಡನ್ನು ಕ್ವೈರ್‌ಗೇ ಬಿಡಿ.

ಕಲಿಸುವಾಗ ವಾದ್ಯ ಬೇಡ. ಆರಾಧನೆಗೆ ಐದು ನಿಮಿಷ ಮುಂಚೆ ಒಬ್ಬರೇ ಒಂದು ಸಾಲು ಹಾಡಲಿ, ಸಭೆ ತಿರುಗಿ ಹೇಳಲಿ. ಮೊದಲ ವಾರ ಸಭೆಗೆ ಪಲ್ಲವಿ ಮಾತ್ರ, ಚರಣ ಕ್ವೈರ್‌ಗೆ. ನಾಲ್ಕು ವಾರ ಅದೇ ಹಾಡು. ಕ್ವೈರ್‌ಗೆ ಬೇಸರ ಬರುತ್ತದೆ, ಬರಲಿ; ಸಭೆಗೆ ಆಗಷ್ಟೇ ಹಿಡಿತ ಸಿಕ್ಕಿರುತ್ತದೆ. ಫ್ರಾನ್ಸಿನ ತೇಝೆ ಎಂಬ ಕ್ರೈಸ್ತ ಸನ್ಯಾಸಿ ಸಮುದಾಯದ ಪ್ರಾರ್ಥನೆಯಲ್ಲಿ ಬೇರೆಬೇರೆ ಭಾಷೆಯವರು ಒಟ್ಟಿಗೆ ಹಾಡುವುದು ಚಿಕ್ಕ ಸಾಲುಗಳನ್ನು ಮತ್ತೆಮತ್ತೆ ಹಾಡುವುದರಿಂದಲೇ.

ಸ್ಕ್ರೀನ್ ಇದ್ದರೆ, ಕೊನೆಯ ಪದ ಹಾಡುತ್ತಿರುವಾಗಲೇ ಮುಂದಿನ ಸ್ಲೈಡ್ ಬರಬೇಕು. ತಡವಾದರೆ ಮುಂದಿನ ಸಾಲಿನ ಮೊದಲ ಪದ ಯಾರೂ ಹಾಡುವುದಿಲ್ಲ.

ಪರೀಕ್ಷೆ ಮಾಡಬೇಕಾದರೆ ಕೊನೆಯ ಪಲ್ಲವಿಗೆ ವಾದ್ಯ, ಮೈಕ್ ಎರಡನ್ನೂ ನಿಲ್ಲಿಸಿ. ಹಾಡು ಅಲ್ಲೇ ಬಿದ್ದುಹೋದರೆ ಅಲ್ಲಿಯವರೆಗೆ ಹಾಡುತ್ತಿದ್ದದ್ದು ಸ್ಪೀಕರ್ ಮಾತ್ರ.